ತುಂಬಿದ ಹೊಳೆಗೆ ಯಾವ ಬೆಂಡು?

ಮಳೆಗಾಲ ಬಂತೆಂದರೆ ತಿಂಥಣಿ ದಂಡೆಯವರಿಗೆ ಹೊಳೆಯದೇ ಚಿಂತೆ. ನಿಜಾಮ ಸರಕಾರದ ಕಾಲವದು. ನೀರು ಏರಿದರೆ ದೋಣಿ ಬಂದ್. ಹೀಗಾಗಿ ಮನೆಮನೆಯ ಜಂತಿಗೂ ಒಣಗಿದ ಸೋರೆಬುರುಡೆಗಳ ಕಟ್ಟು ತೂಗುತ್ತಿತ್ತು. ಅದನ್ನು ಎದೆಗೆ ಕಟ್ಟಿಕೊಂಡು ಈಜುವುದು. ಯಾರ ಮನೆಯ ಬುರುಡೆ ದೊಡ್ಡದೋ ಅವರ ಮೀಸೆ ಒಂದು ಗೇಣು ಮೇಲೆ.

ಮೀನು ಹಿಡಿಯುವ ಅಮರಪ್ಪನ ಬುರುಡೆಗಳಂತೂ ಕೊಡದ ಗಾತ್ರ. ಅವತ್ತು ಅವನ ತಂಗಿ ಸಾಯಬಮ್ಮ ಹುಲ್ಲು ಕೊಯ್ಯಲು ನಡುಗಡ್ಡೆಗೆ ಹೋಗಿದ್ದಳು. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಮಧ್ಯಾಹ್ನಕ್ಕೆ ಆಳುದ್ದ ಏರಿತು. ಗಡ್ಡೆ ಮುಳುಗುತ್ತಿತ್ತು. ಅವಳಿಗೆ ಈಜು ಬಾರದು. ಜಾಲಿಗಿಡ ತಬ್ಬಿಕೊಂಡು ಅಣ್ಣನನ್ನು ಕೂಗುತ್ತಿದ್ದಳು.

ಅಮರಪ್ಪ ಬುರುಡೆ ಕಟ್ಟಿಕೊಂಡು ಜಿಗಿದ. ಎದುರುಗಾಳಿ ಬೇರೆ. ನಡುವಿನ ಬಂಡೆಗಳ ಮೇಲೆ ಅಲೆ ಮುರಿದು ಬೀಳುತ್ತಿತ್ತು. ಬುರುಡೆಗಳು ಅವನನ್ನು ಎಷ್ಟು ಮೇಲೆ ಎತ್ತಿ ಹಿಡಿದವೆಂದರೆ ಕೈಗೆ ನೀರೇ ಸರಿಯಾಗಿ ಸಿಗಲಿಲ್ಲ. ಬಂದ ಅಲೆ ಅವನನ್ನು ಬುರುಡೆ ಸಮೇತ ಎತ್ತಿ ದಂಡೆಗೆ ಒಗೆಯಿತು. ಎರಡನೇ ಸಲವೂ ಅದೇ ಗತಿ. ಅಮರಪ್ಪನಿಗೆ ಅಳು ಬಂತು.

ಅಷ್ಟರಲ್ಲಿ ಅವರ ಚಿಗವ್ವ, ಅಂದರೆ ಚಿಕ್ಕಮ್ಮ, ಮರಿಲಿಂಗಮ್ಮ ಓಡಿ ಬಂದಳು. ಬಲೆ ಬೀಸುತ್ತಲೇ ತಲೆ ನೆರೆತ ಹೆಂಗಸು. ಕಂಕುಳಲ್ಲಿ ಒಣ ಕತ್ತಾಳೆ ದಂಟುಗಳ ಬೆಂಡಿನ ಕಟ್ಟು. ಆಳುದ್ದ ಇತ್ತು, ಅಗಲ ಎದೆಯಷ್ಟೇ.

"ನಿಂದರೋ ಅಮರ್ಯಾ. ಬುರುಡಿ ಬಿಚ್ಚಿ ಇದನ್ನ ತಗೋ."

"ಈ ಕಡ್ಡಿಕಟ್ಟು ನನ್ನ ಭಾರ ತಡೀತೈತೇನ ಚಿಗವ್ವ? ನಮ್ಮಪ್ಪ ಇದೇ ಬುರುಡಿ ಮ್ಯಾಲ ಹೊಳಿ ದಾಟ್ಯಾನ."

"ನಿಂತ ನೀರಾಗ ದಾಟ್ಯಾನ. ಸುಮ್ನ ತೇಲಾಕ ದೊಡ್ಡದು ಬೇಷ. ಎದುರು ಅಲಿ ಬಂದ್ರ ಅದರ ಕೆಳಗ ನುಸೀಬೇಕು. ನಿನ್ನ ಬುರುಡಿ ಮುಳುಗ್ತಾವೇನು?"

"ಮುಳುಗೋದು ಯಾರಿಗೆ ಬೇಕಾಗೈತಿ?"

"ಅಲಿ ಬಡಿಯೂ ಹೊತ್ತಿನಾಗ ನಿನಗ ಬೇಕು. ವಾದ ಸಾಕು, ಇದರ ಮ್ಯಾಲ ಬೋರಲು ಬೀಳು."

ದಂಡೆಯ ನೀರಲ್ಲೇ ಅವನು ಬೆಂಡಿನ ಮೇಲೆ ಬೋರಲಾದ. ಗದ್ದ ನೀರಿನ ಮೇಲಿತ್ತು. ಕೈ ಮೊಣಕೈವರೆಗೆ ನೀರಿಗಿಳಿಯಿತು. ಎದೆಭಾರ ಹಾಕಿ ಮುಂದಿನ ತುದಿ ಒತ್ತಿದರೆ ಮುಳುಗಿತು, ಬಿಟ್ಟರೆ ಎದ್ದಿತು. ಮರಿಲಿಂಗಮ್ಮ ಗಂಟುಗಳನ್ನು ಜಗ್ಗಿ ನೋಡಿದಳು.

"ಇದು ನಿನ್ನ ಅಳತಿದು. ಬರೂಮುಂದ ಅಲಿ ಬೆನ್ನಿಗಿರ್ತಾವ. ಬೆಂಡು ಅಕಿ ಎದಿಗೆ ಕಟ್ಟು, ನೀ ಬಗಲಾಗ ಈಸು. ಹೋಗು."

ಅಮರಪ್ಪ ಹೊರಟ. ಮೊದಲ ಅಲೆ ಹೆಡೆಯೆತ್ತಿ ಬಂತು. ಉಸಿರು ಕಟ್ಟಿ ತುದಿ ಒತ್ತಿದ. ತಲೆಯ ಮೇಲೆ ನೀರು ಗುಡುಗಿ ಹೋಯಿತು. ಕಣ್ಣು ಬಿಟ್ಟಾಗ ಅಲೆ ಹಿಂದೆ ಬಿದ್ದಿತ್ತು. ಇನ್ನೊಂದು ಬಂತು, ಅದರ ಕೆಳಗೂ ನುಸುಳಿದ. ಗಡ್ಡೆ ಮುಟ್ಟಿದಾಗ ಸಾಯಬಮ್ಮನ ಕುತ್ತಿಗೆವರೆಗೆ ನೀರು.

"ಇಷ್ಟೊತ್ತು ಏನ್ ಮಾಡಾಕತ್ತಿದ್ದಿ ಅಣ್ಣಾ?"

"ಬುರುಡಿ ಮ್ಯಾಲ ಕುಂತಿದ್ನವ್ವಾ. ಗಿಡ ಬಿಡು, ಈ ಬೆಂಡು ಹಿಡಿ."

ಅಲೆಗಳೇ ಇಬ್ಬರನ್ನೂ ದಂಡೆಗೆ ನೂಕಿದವು. ಮರಿಲಿಂಗಮ್ಮ ಮಗಳಂತೆ ಸಾಕಿದ್ದ ಹುಡುಗಿಯನ್ನು ಸೆರಗಿನಲ್ಲಿ ಸುತ್ತಿ ಅತ್ತಳು. "ಚಿಗವ್ವ, ನಮ್ಮ ಮನಿಗೂ ಒಂದು ಬೆಂಡು ಕಟ್ಟಿಕೊಡು," ಎಂದ ಅಮರಪ್ಪ.

ಹೊಳೆದಂಡೆಯ ಅಣ್ಣಂದಿರೇ, ಅಕ್ಕಂದಿರೇ, ಏರಿದ ನೀರಿಗೆ ಇಳಿಯದಿರುವುದೇ ಜಾಣತನ. ಇಳಿಯಲೇಬೇಕಾದರೆ ಬೆಂಡಿನ ದೊಡ್ಡಸ್ತಿಕೆ ನೋಡಬೇಡಿ. ದಂಡೆಯಲ್ಲೇ ಅದರ ಮೇಲೆ ಮಲಗಿ ನೋಡಿ. ಕೈಗೆ ನೀರು ಸಿಗಬೇಕು, ಒತ್ತಿದರೆ ತುದಿ ಮುಳುಗಬೇಕು, ಗಂಟು ಬಿಗಿ ಇರಬೇಕು. ಅಮರಪ್ಪನನ್ನು ಹೊಳೆ ಎರಡು ಸಲ ದಂಡೆಗೆ ಒಗೆದು ಬುದ್ಧಿ ಹೇಳಿತು. ಎಲ್ಲರನ್ನೂ ಅದು ದಂಡೆಗೇ ಒಗೆಯುವುದಿಲ್ಲ.