ಕಿರುಬೆರಳಿನ ಸ್ವರ

ಟಾರ್ಕಲ್ ಮಕಾಸ್ಕಿಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಲಗೈಗೆ ಬ್ಯಾಂಡೇಜು, ಹೊರಗೆ ವಿಸ್ಟ್ ದ್ವೀಪದ ಗಾಳಿ, ಒಳಗೆ ಹೆಂಡತಿ ಎಫಿಯ ಕಾವಲು. ಅಣ್ಣ ಲಾಕ್ಲನ್ ಕಡಲುಪಾಲಾದ ದಿನ ಮತ್ತೆ ಬರಲು ಇನ್ನು ಐದೇ ವಾರ. ಅಣ್ಣನಿಗಾಗಿ ತಾನೇ ಕಟ್ಟಿದ ಶೋಕರಾಗವನ್ನು ಈ ಸಲವಾದರೂ ಅವನ ನೆನಪಿನ ಕಲ್ಲಿನ ಮುಂದೆ ಸರಿಯಾಗಿ ನುಡಿಸಬೇಕಿತ್ತು.

ಸರಿಯಾಗಿ ಎಂದರೇನೆಂದು ಅವನೊಬ್ಬನಿಗೇ ಗೊತ್ತು. ರಾಗ ಬಂದು ನಿಲ್ಲುವುದು ಬ್ಯಾಗ್‌ಪೈಪಿನ ಎಲ್ಲಕ್ಕಿಂತ ಕೆಳಗಿನ ಸ್ವರದ ಮೇಲೆ. ಆ ಸ್ವರಕ್ಕೆ ಕೊಳವೆಯ ಕೊನೆಯ ತೂತನ್ನು ಬಲಗೈ ಕಿರುಬೆರಳು ಮುಚ್ಚಬೇಕು. ರಾಗ ಕಟ್ಟಿ ಜನರೆದುರು ನುಡಿಸುವಷ್ಟರಲ್ಲಿ ಆ ಹಾಳು ಬೆರಳು ಅಂಗೈಗೆ ಮಡಚಿಕೊಂಡಿತ್ತು. ಅವನಪ್ಪನಿಗೂ ಹಾಗೇ ಆಗಿತ್ತು. ಆ ಕಡೆಯ ಮನೆಗಳಲ್ಲಿ ಅದೇನು ಹೊಸದಲ್ಲ. ಆದರೆ ನನ್ನಿಂದಾಗದು ಎಂದು ಒಪ್ಪಿಕೊಳ್ಳುವ ಆಸಾಮಿಯೇ ಇವನು? ಪಕ್ಕದ ಸ್ವರವನ್ನು ತುರುಕಿ, ರಾಗವಿರುವುದೇ ಹೀಗೆ ಎಂಬಂತೆ ಎದೆಯುಬ್ಬಿಸಿ ಒಂಬತ್ತು ವರ್ಷ ನುಡಿಸಿದ. ಎಫಿಯ ಅಣ್ಣನ ಮಗಳು ಇಶ್ಬೆಲ್‌ಗೂ ಹಾಗೇ ಕಲಿಸಿದ.

ಕೊನೆಗೆ ಗ್ಲಾಸ್ಗೋದಲ್ಲಿ ತೋಳನ್ನು ಮರಗಟ್ಟಿಸಿ, ಅಂಗೈ ಕೊಯ್ದು, ಚರ್ಮದಡಿ ಹಗ್ಗದಂತೆ ಬಿಗಿದಿದ್ದ ನಾರನ್ನು ತೆಗೆದರು. ಎಚ್ಚರವಾಗಿಯೇ ಇದ್ದ ಟಾರ್ಕಲ್, ಬೆರಳು ತೂತಿಗೆ ಮುಟ್ಟುತ್ತದೆಯೇ ಎಂದು ಮೂರು ಸಲ ಕೇಳಿದ. ಮುಟ್ಟಬಹುದು, ಮತ್ತೆ ಮಡಚಲೂಬಹುದು, ನಾನು ಹೇಳುವವರೆಗೆ ಪೈಪು ಮುಟ್ಟಬೇಡಿ ಎಂದರು ಡಾಕ್ಟರಮ್ಮ.

ಮನೆಗೆ ಬಂದವನು ಬೆಣ್ಣೆ ಸವರುವ ಚಾಕುವಿನ ಮೇಲೂ ಅದೇ ಕೊಳವೆಯೆಂಬಂತೆ ಬೆರಳಾಡಿಸಿದ. ಊರುಗೋಲು, ಕುರ್ಚಿಯ ಕೈ, ಏನನ್ನೂ ಬಿಡಲಿಲ್ಲ. ಬ್ಯಾಂಡೇಜಿನ ಮೇಲೆ ರಕ್ತ ಒಸರಿದ ದಿನ ಎಫಿ ಅಭ್ಯಾಸದ ಕೊಳವೆಯನ್ನು ಓಟ್ಸ್ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. "ಕೂತ್ಕೋ ಮಾರಾಯ. ಹೊಲಿಗೆ ಬಿಚ್ಕೊಂಡ್ರೆ ಬೆರಳೂ ಇಲ್ಲ, ರಾಗನೂ ಇಲ್ಲ."

ಐದನೇ ವಾರ ಡಾಕ್ಟರಮ್ಮ ಫೋನಿನಲ್ಲಿ ಒಂದೇ ಒಂದು ರಾಗಕ್ಕೆ ಒಪ್ಪಿಗೆ ಕೊಟ್ಟರು.

ನೆನಪಿನ ಕಲ್ಲಿನ ಮುಂದೆ ಇಪ್ಪತ್ತು ಮಂದಿ ಸೇರಿದ್ದರು. ಟಾರ್ಕಲ್ ನುಡಿಸತೊಡಗಿದ. ರಾಗ ಕೊನೆಗೆ ಬಂತು, ಬೆರಳು ಚಾಚಿತು, ತೂತು ಮುಚ್ಚಿತು. ಆ ಕೆಳಗಿನ ಸ್ವರ ಹೊರಟಿತು. ಅವನ ಕಣ್ಣು ತುಂಬಿತು.

ಜನ ಮುಖ ಮುಖ ನೋಡಿಕೊಂಡರು. ಪೈಪು ಹಿಡಿದು ಪಕ್ಕದಲ್ಲಿ ನಿಂತಿದ್ದ ಇಶ್ಬೆಲ್ ಅವನ ಭುಜ ತಟ್ಟಿ, "ಬೇಜಾರ್ ಮಾಡ್ಕೋಬೇಡ ಮಾವ, ಕೊನೇಲಿ ಒಂದ್ ಸ್ವರ ತಪ್ತು ಅಷ್ಟೇ. ಗಾಯ ಇನ್ನೂ ಹಸಿ ಅಲ್ವಾ" ಎಂದಳು.

ಟಾರ್ಕಲ್‌ನ ಕಿವಿ ಕೆಂಪಾಯಿತು. ಹೂಂ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಅಣ್ಣನ ಹೆಸರು ಕೊರೆದ ಕಲ್ಲನ್ನೊಮ್ಮೆ ನೋಡಿದ.

"ಇವತ್ತು ತಪ್ಪಿದ್ದಲ್ಲಮ್ಮ," ಎಂದ, ಎಲ್ಲರಿಗೂ ಕೇಳುವಂತೆ. "ಒಂಬತ್ತು ವರ್ಷ ತಪ್ಪು ನುಡಿಸ್ದೆ. ನಿನಗೂ ಅದನ್ನೇ ಕಲಿಸ್ದೆ. ಬೆರಳು ಬರ್ತಿರ್ಲಿಲ್ಲ, ಹೇಳೋಕೆ ನಾಚಿಕೆಯಾಯ್ತು."

ಇಶ್ಬೆಲ್ ತನ್ನ ಪೈಪನ್ನೆತ್ತಿ ಮೊದಲಿನಿಂದ ನುಡಿಸಿದಳು. ಕೊನೆಗೆ ಬಂದಾಗ ಅವಳ ಕಿರುಬೆರಳು ರೂಢಿಯಂತೆ ಮೇಲೆಯೇ ನಿಂತಿತು. ಟಾರ್ಕಲ್ ಹೊಲಿಗೆಯ ಗುರುತಿದ್ದ ತನ್ನ ಬೆರಳನ್ನು ಅದರ ಮೇಲಿಟ್ಟು, ಮೆಲ್ಲಗೆ ತೂತಿನ ಮೇಲೆ ಒತ್ತಿದ.