ನಾಲ್ಕು ಅಂದರೆ ಒಳ್ಳೆಯ ದಿನ

ನನ್ನ ಗಂಡ ಆಲ್ಫೇ ಅಡುಗೆಮನೆಯ ನೆಲದ ಮೇಲೆ ಕೈ, ಮಂಡಿ ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಅಲ್ಲಾಡದೆ ನಿಂತಿದ್ದಾಗ ನಮ್ಮ ಬೆಕ್ಕು ಹೋಗಿ ಅವನ ಬೆನ್ನ ಮೇಲೆ ಕೂತುಬಿಟ್ಟಿತು. ನಲವತ್ತೈದು ವರ್ಷ ಕಡಲಲ್ಲಿ ಲಾಬ್‌ಸ್ಟರ್ ಹಿಡಿದ ಮನುಷ್ಯ, ಅರವತ್ತಾರನೆಯ ವಯಸ್ಸಿನಲ್ಲಿ ಬೆಕ್ಕಿಗೆ ಬೆಂಚಾಗಿದ್ದ.

"ನಗಬೇಡ ಕಣೇ ಲ್ಯೂಸೆಟ್, ಎಣಿಸು."

ಹತ್ತು ಸೆಕೆಂಡು ಹಿಡಿದಿಡಬೇಕು ಎಂದು ವ್ಯಾಯಾಮ ಹೇಳಿಕೊಡುವ ಬ್ರಿನ್ ಹೇಳಿದ್ದಳು. ನಾನು ಎಣಿಸುತ್ತಿರಲಿಲ್ಲ, "ನಮೋ ಮರಿಯ" ಹೇಳುತ್ತಿದ್ದೆ. ಅರ್ಧ ಪ್ರಾರ್ಥನೆಗೆ ಸರಿಯಾಗಿ ಹತ್ತು ಸೆಕೆಂಡು. ಅವನ ಮೇಲೆ ಸಿಟ್ಟಿದ್ದ ದಿನ ನಿಧಾನವಾಗಿ, ಭಕ್ತಿಯಿಂದ ಹೇಳುತ್ತಿದ್ದೆ.

"ಇವತ್ತು ದೇವಮಾತೆ ಮೇಲೆ ಪ್ರೀತಿ ಜಾಸ್ತಿ ಆಗಿದೆ," ಎಂದು ಅವನು ಕೆಳಗಿನಿಂದ ಗೊಣಗುತ್ತಿದ್ದ.

ಹನ್ನೊಂದು ವರ್ಷದ ಬೆನ್ನುನೋವು ಅವನದು. ಪಟ್ಟಿ ಕಟ್ಟಿದ, ಮಾತ್ರೆ ನುಂಗಿದ, ಅವರಿವರು ಕೊಟ್ಟ ಎಣ್ಣೆ ತಿಕ್ಕಿಸಿಕೊಂಡ. ಬೆನ್ನು ನೋಯುವವನು ಮಲಗಬೇಕು ಎಂಬುದು ನಮ್ಮ ಕರಾವಳಿಯಲ್ಲಿ ವೇದವಾಕ್ಯ. ಹಾಗಾಗಿ ಕೊನೆಯ ಎರಡು ಚಳಿಗಾಲ ಮಲಗಿಯೇ ಕಳೆದ. ಮಲಗಿದಷ್ಟೂ ಬೆನ್ನು ಬಿಗಿಯಿತು, ಬಿಗಿದಷ್ಟೂ ಮಲಗಿದ. ಬೋಟನ್ನು ನಮ್ಮ ಮಗಳು ಮಿರೇಯ್ ನಡೆಸತೊಡಗಿದಳು.

ನವೆಂಬರಿನ ಕೊನೆಯ ಸೋಮವಾರ ನಮ್ಮಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಕಡಲಿಗೆ ಇಳಿಸುವ ದಿನ. ಬೆಳಗಿನ ಆರು ಗಂಟೆಗೆ ಊರಿನ ಬೋಟುಗಳೆಲ್ಲ ಬೋನುಗಳನ್ನು ಗುಡ್ಡದಂತೆ ಹೇರಿಕೊಂಡು ಒಟ್ಟಿಗೆ ಹೊರಡುತ್ತವೆ. ಕೈಗೂಸಿನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಬೋಟು ಕಟ್ಟುವ ದಕ್ಕೆಯಲ್ಲಿ ನಿಂತು ಕಳಿಸಿಕೊಡುತ್ತಾರೆ. ಹೋದ ವರ್ಷ ಆ ದಿನ ಆಲ್ಫೇ ಟ್ರಕ್ಕಿನಿಂದ ಕೆಳಗೆ ಇಳಿಯಲಿಲ್ಲ. ನನ್ನ ಪಕ್ಕದಲ್ಲಿ ಕೂತು ಅತ್ತ. ಕಣ್ಣಿಗೆ ಗಾಳಿ ಹೊಡೆಯಿತು ಎಂದ. ಗಾಜು ಏರಿಸಿಯೇ ಇತ್ತು.

ಒಂದು ಮಾತು ಹೇಳಲೇಬೇಕು. ಅವನು ಕಡಲಿಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಬೋಟಿನ ರೇಡಿಯೋದಲ್ಲಿ ಕರೆದರೆ, "ಕೆಲಸ ಇದೆ ಕಣೇ, ಆಮೇಲೆ," ಎಂದು ಪಟ್ಟನೆ ಕತ್ತರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆನ್ನು ಹಿಡಿದು ಮಲಗಿದ ಮೇಲೆ ದಿನವಿಡೀ ನನ್ನೊಡನೆ ಮಾತಾಡಿದ. ಪಾತ್ರೆ ತೊಳೆಯುವ ಕ್ರಮದ ಬಗ್ಗೆಯೂ ಸಲಹೆ ಕೊಟ್ಟ. ಆಗ ಆ ಹಳೆಯ ಬೈಗುಳದಂಥ ಮಾತಿಗಾಗಿ ನಾನು ಎಷ್ಟು ಹಂಬಲಿಸಿದೆನೋ ದೇವರಿಗೇ ಗೊತ್ತು.

ಈ ವರ್ಷ ಹೋಗಿಯೇ ತೀರುತ್ತೇನೆ ಎಂದು ಆಗಸ್ಟಿನಲ್ಲಿ ಹಟ ಹಿಡಿದ. ಮಿರೇಯ್ ನನ್ನ ಮಗಳಲ್ಲವೇ, ಅವಳಿಗೂ ಹಟವಿದೆ.

"ಅಪ್ಪ, ಬೋಟಿನ ಕ್ಯಾಪ್ಟನ್ ಯಾರು?"

"ನೀನೇ ಕಣಮ್ಮ."

"ಹಾಗಾದ್ರೆ ಕೇಳು. ಬ್ರಿನ್ ಹತ್ರ ಹೋಗು. ಹೋಗಬಹುದು ಅಂತ ಅವಳು ಕಾಗದ ಬರೆದುಕೊಟ್ರೆ ಬೋಟು ಹತ್ತು. ಕಾಗದ ಇಲ್ದೆ ಬಂದ್ರೆ ಹಗ್ಗ ಬಿಚ್ಚೋದೇ ಇಲ್ಲ."

ಬ್ರಿನ್ ಎಂದರೆ ವ್ಯಾಯಾಮದಿಂದ ಬೆನ್ನು, ಮಂಡಿ ಸರಿಮಾಡುವ ಹುಡುಗಿ. ದೇಶದ ನಡುವಿನ ಗೋಧಿ ಬೆಳೆಯುವ ಬಯಲಿನಿಂದ ಎರಡು ವರ್ಷದ ಹಿಂದೆ ನಮ್ಮೂರಿಗೆ ಬಂದವಳು. ಅಲ್ಲಿಯವರೆಗೆ ಕಡಲು ಕಂಡವಳಲ್ಲ. ಆದರೆ ಬೆನ್ನು ಬಲ್ಲವಳು. "ನೋವಾಯ್ತು ಅಂದ್ರೆ ಒಳಗೇನೋ ಮುರೀತು ಅಂತ ಅಲ್ಲ, ಆಲ್ಫೇ. ನಿಮ್ಮ ಬೆನ್ನು ಹೆದರಿಕೊಂಡಿದೆ. ದಿನಾ ಸ್ವಲ್ಪ ಸ್ವಲ್ಪ ಧೈರ್ಯ ಹೇಳ್ಬೇಕು," ಎಂದಳು. ಪೊರಕೆಯ ಕೋಲನ್ನು ಅವನ ತಲೆ, ಬೆನ್ನು, ಸೊಂಟಕ್ಕೆ ತಾಗಿಸಿ ಹಿಡಿದು, ಕೋಲು ಕದಲದಂತೆ ಸೊಂಟದಿಂದ ಬಾಗುವುದನ್ನು ಕಲಿಸಿದಳು. ಮೊದಲ ವಾರ ಖಾಲಿ ಬುಟ್ಟಿ ಎತ್ತಿಸಿದಳು, ಮುಂದಿನ ವಾರ ಎರಡು ಕಲ್ಲು, ಆಮೇಲೆ ನಾಲ್ಕು. ದಿನಾ ದೀಪಸ್ತಂಭದವರೆಗೆ ನಡಿಗೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ನನ್ನ ಗಂಡ ಸಾಕ್ಸು ತಾನೇ ಹಾಕಿಕೊಳ್ಳತೊಡಗಿದ. ಏಳು ವರ್ಷದಿಂದ ಅವನ ಪಾದ ನನ್ನ ಮಡಿಲಲ್ಲೇ ಇತ್ತು. ಸುಳ್ಳೇಕೆ, ಮೊದಲ ದಿನ ಸ್ವಲ್ಪ ಬೇಜಾರೂ ಆಯಿತು.

ನವೆಂಬರಿನಲ್ಲಿ, ಬೋನು ಇಳಿಸಲು ಇನ್ನು ನಾಲ್ಕೇ ದಿನ ಇರುವಾಗ, ಬ್ರಿನ್ ನನ್ನನ್ನೂ ತನ್ನ ವ್ಯಾಯಾಮದ ಕೋಣೆಯೊಳಗೆ ಕರೆದಳು. ನಾನು ಯಾವಾಗಲೂ ಟ್ರಕ್ಕಿನಲ್ಲೇ ಕೂತು ಹೆಣೆಯುವವಳು. ಒಳಗೆ ಹೋದರೆ ಆಲ್ಫೇಯ ಮುಖ ಜೋತುಬಿದ್ದಿತ್ತು.

"ಲ್ಯೂಸೆಟ್, ಇವರು ತುಂಬ ಕಷ್ಟಪಟ್ಟು ಮಾಡಿದ್ದಾರೆ," ಎಂದಳು ಬ್ರಿನ್. "ಆದ್ರೆ ಪ್ರತಿ ಸಲ ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಅಂತ ಕೇಳ್ತೀನಿ. ಮೊದಲು ಆರು ಅಂದ್ರು, ಆಮೇಲೆ ಐದು. ಈಗ ಐದು ವಾರದಿಂದ ನಾಲ್ಕು, ನಾಲ್ಕು, ನಾಲ್ಕು. ಕದಲ್ತಾನೇ ಇಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಬೋನು ಎತ್ತೋ ಕೆಲಸಕ್ಕೆ ನಾಲ್ಕರಲ್ಲಿ ಕಳಿಸೋಕೆ ನನಗೆ ಭಯ. ಈ ವರ್ಷ ಬೇಡ."

ಆಲ್ಫೇ ಮನೆಗೆ ಬಂದು ವ್ಯಾಯಾಮದ ಚಾಪೆಯನ್ನು ಸುರುಳಿ ಸುತ್ತಿ ಬಾಗಿಲ ಹಿಂದೆ ಇಟ್ಟ. ಇನ್ನು ಇವನು ಮಲಗಿದರೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ರೇಡಿಯೋದಲ್ಲಿ ಸೋಮವಾರದ ಹವಾಮಾನ ಹೇಳಿದರು. ಗಾಳಿಯ ಬಲ ಆರು ಮುಟ್ಟಿದರೆ ಯಾವ ಬೋಟೂ ಹೊರಡುವಂತಿಲ್ಲ, ಹಾಗಾಗಿ ಊರೆಲ್ಲ ಕಿವಿ ನಿಮಿರಿಸಿ ಕೇಳುವ ಸುದ್ದಿ ಅದು. ಕಿಟಕಿಯ ಬಳಿ ನಿಂತಿದ್ದ ಆಲ್ಫೇ ದುಃಖದಲ್ಲೂ ಒಮ್ಮೆ ನಕ್ಕ.

"ನಾಲ್ಕು! ನಮ್ಮ ಮಗಳು ಪುಣ್ಯ ಮಾಡಿದ್ದಾಳೆ. ನಾಲ್ಕಂದ್ರೆ ಒಳ್ಳೇ ದಿನ."

ನನ್ನ ಕೈಯಲ್ಲಿದ್ದ ಆಲೂಗಡ್ಡೆ ಕೆಳಗೆ ಬಿತ್ತು.

ನಮ್ಮ ದಕ್ಕೆಯಲ್ಲಿ, ಮೀನಿನ ಎರೆ ಇಡುವ ಶೆಡ್ಡಿನ ಬಾಗಿಲಿಗೆ ಅವನಪ್ಪ ಹೊಡೆದ ಒಂದು ಹಳೆಯ ತಗಡಿನ ಹಲಗೆ ಇದೆ. ಗಾಳಿಯ ಬಲ ಅಳೆಯುವ ಪಟ್ಟಿ ಅದು, ಸೊನ್ನೆಯಿಂದ ಹನ್ನೆರಡು. ನಮ್ಮ ಗಂಡಸರು ಜಗತ್ತನ್ನೆಲ್ಲ ಅಳೆಯುವುದು ಅದರಲ್ಲೇ. ಬೆಳಿಗ್ಗೆ ನನ್ನ ಮುಖ ನೋಡಿ, "ಇವತ್ತು ಏಳು, ಹುಷಾರಾಗಿರ್ಬೇಕು," ಎಂದು ಈ ಮನುಷ್ಯ ಎಷ್ಟು ಸಲ ಅಂದಿಲ್ಲ!

"ಆಲ್ಫೇ, ನೀನು ಬ್ರಿನ್‌ಗೆ ಹೇಳಿದ ನಾಲ್ಕು ಯಾವ ನಾಲ್ಕು?"

"ಯಾವ ನಾಲ್ಕು ಅಂದ್ರೆ? ನಾಲ್ಕು ಎಷ್ಟಿರುತ್ತೆ? ಒಂದೇ ನಾಲ್ಕು ಇರೋದು."

"ಹಾಗಾದ್ರೆ ಹತ್ತು ಅಂದ್ರೇನು?"

"ಹತ್ತಾ? ಮರ ಬುಡಸಮೇತ ಕಿತ್ತು ಬೀಳುತ್ತೆ."

"ಸೊನ್ನೆ?"

"ಹೊಗೆ ನೆಟ್ಟಗೆ ಮೇಲೆ ಹೋಗುತ್ತೆ. ಒಂದೆಲೆ ಅಲ್ಲಾಡಲ್ಲ. ಬದುಕಿರೋ ಬೆನ್ನಿಗೆ ಸೊನ್ನೆ ಎಲ್ಲಿಂದ ಬರಬೇಕೇ? ನಾಲ್ಕಂದ್ರೆ ಸಣ್ಣ ಕೊಂಬೆ ಅಲ್ಲಾಡುತ್ತೆ, ಅಷ್ಟೇ. ಬೋಟು ಹೊರಡುತ್ತೆ, ದಿನದ ಕೆಲಸ ಆಗುತ್ತೆ. ಅದನ್ನೇ ಹೇಳಿದೆ. ಆ ಹುಡುಗಿ ನಾಲ್ಕಕ್ಕೇ ಯಾಕೆ ಹೆದರಿದ್ಲೋ!"

"ಅಯ್ಯೋ ನನ್ನ ಪೆದ್ದು ಮುದುಕ!" ಎಂದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ಒಂದು ವರ್ಷದ ಕಡಲು ಕೈತಪ್ಪುವುದರಲ್ಲಿತ್ತು. ಅವನ ಕೆನ್ನೆಗೆ ಬಾರಿಸಲೋ ಮುತ್ತು ಕೊಡಲೋ ತಿಳಿಯದೆ ಎರಡನೆಯದನ್ನೇ ಮಾಡಿದೆ.

ತುರಿದ ಆಲೂಗಡ್ಡೆ, ಕೋಳಿ ಸೇರಿಸಿ ಬೇಯಿಸುವ ನಮ್ಮೂರಿನ ರಾಪ್ಯೂರ್ ಒಲೆಯಲ್ಲಿತ್ತು, ಆ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೆ. ಶೆಡ್ಡಿಗೆ ಹೋಗಿ ಮೊಳೆ ಕಿತ್ತು ತಗಡಿನ ಹಲಗೆಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬ್ರಿನ್‌ಳ ಮನೆ ಬಾಗಿಲು ತಟ್ಟಿದೆ. ಅವಳು ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದಳು. ನಗತೊಡಗಿದಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ನೋವಿಗೆ ಹೆದರಬೇಡಿ ಅಂತ ಮೂರು ತಿಂಗಳು ಇವರಿಗೆ ಪಾಠ ಹೇಳಿ, ಕೊನೆಗೆ ಹೆದರಿದ್ದು ನಾನು," ಎಂದಳು. "ಅವರು ಕಲ್ಲು ಎತ್ತೋದನ್ನ ನೋಡೋದು ಬಿಟ್ಟು ನಂಬರ್ ನೋಡ್ಕೊಂಡು ಕೂತೆ."

ಆದರೂ ಅವಳು ಸುಮ್ಮನೆ ಕಾಗದ ಕೊಡುವವಳಲ್ಲ. ಭಾನುವಾರ ನಮ್ಮ ಅಂಗಳಕ್ಕೆ ಬಂದು ನಿಂತು, ನಿಜವಾದ ಬೋನುಗಳನ್ನೇ ಒಂದೊಂದಾಗಿ ಟ್ರಕ್ಕಿಗೆ ಎತ್ತಿಸಿದಳು. ಒಂದೊಂದೂ ನಲವತ್ತು ಕಿಲೋ ತೂಗುತ್ತದೆ. ಆಲ್ಫೇ ಸೊಂಟದಿಂದ ಬಾಗಿದ, ಬೋನನ್ನು ಹೊಟ್ಟೆಗೆ ಒತ್ತಿ ಹಿಡಿದ, ಎದ್ದ. ಇಪ್ಪತ್ತು ಸಲ. ನಾನು ಏಪ್ರನ್ನಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನೋಡಿದೆ.

"ಈಗ ಎಷ್ಟು?" ಎಂದಳು ಬ್ರಿನ್.

"ಐದು," ಎಂದ ಆಲ್ಫೇ, ಏದುಸಿರು ಬಿಡುತ್ತ. "ನಮ್ಮ ಐದು."

ಸೋಮವಾರ ದಕ್ಕೆಯಲ್ಲಿ ಮಿರೇಯ್ ಬೋಟಿನ ದೀಪದ ಬೆಳಕಿಗೆ ಕಾಗದ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದಳು: "ಆಲ್ಫೇ ಅವರ ಬೆನ್ನು: ಗಾಳಿ ನಾಲ್ಕು, ಬೋನು ಎತ್ತಿದರೆ ಐದು. ಹೊರಡಬಹುದು. ಆರಾದರೆ ಬೋನು ಬಿಟ್ಟು ಚುಕ್ಕಾಣಿ ಹಿಡಿಯಬೇಕು. ಎಂಟಾದರೆ ನನಗೆ ಫೋನ್. ಚಾಪೆ ಬೋಟಿನಲ್ಲಿರಬೇಕು." ದಕ್ಕೆಯೆಲ್ಲ ಹೋ ಎಂದಿತು. ಮಿರೇಯ್ ಕಾಗದ ಮಡಚಿ ಜೇಬಿಗಿಟ್ಟು, ಅಪ್ಪನಿಗೆ ಕೈ ಚಾಚಿದಳು. ಅವನು ಆ ಕೈ ಹಿಡಿಯದೆ ತಾನೇ ಹತ್ತಿದ. ಹತ್ತಿದ ಮೇಲೆ ಹಿಡಿದ.

ಬೋಟುಗಳ ದೀಪಗಳು ಕಾಣದಾದ ಮೇಲೂ ನಾನು ಟ್ರಕ್ಕಿನಲ್ಲಿ ಕೂತೇ ಇದ್ದೆ. ಪಕ್ಕದ ಸೀಟು ಖಾಲಿ. ಹನ್ನೊಂದು ವರ್ಷ ಕೇಳಿದ ನರಳಾಟವಿಲ್ಲದೆ ಕಿವಿಗೆ ಏನೋ ಕಳೆದುಹೋದಂತಿತ್ತು. ಬೇಡದ ಯೋಚನೆಗಳೆಲ್ಲ ಬಂದವು. ಒಂಬತ್ತು ಗಂಟೆಯವರೆಗೆ ತಡೆದೆ, ಆಮೇಲೆ ಬೋಟಿಗೆ ಮಾತಾಡಲು ಟ್ರಕ್ಕಿನಲ್ಲಿಟ್ಟಿದ್ದ ರೇಡಿಯೋ ಎತ್ತಿಕೊಂಡೆ.

"ಆಲ್ಫೇ, ಎಷ್ಟು?"

ಕರಕರ ಸದ್ದು, ಇಂಜಿನ್ನಿನ ಗುಡುಗು, ಹಿಂದೆ ಮಿರೇಯ್ ಏನೋ ಕೂಗುತ್ತಿರುವುದು.

"ಐದು!"

"ಗಾಳಿನೋ, ಬೆನ್ನೋ?"

"ಕೆಲಸ ಇದೆ ಕಣೇ, ಆಮೇಲೆ!" ಎಂದು ಪಟ್ಟನೆ ಕತ್ತರಿಸಿದ.

ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಇನ್ನೂ ದಕ್ಕೆಯಲ್ಲೇ ಇದ್ದ ಬ್ರಿನ್ ಓಡಿಬಂದು ಗಾಜು ತಟ್ಟಿ, ಏನಾಯಿತು, ಬೆನ್ನು ಹಿಡಿದುಕೊಂಡಿತೇ ಎಂದು ಕೇಳಿದಳು. ಇಲ್ಲಮ್ಮ, ನನ್ನ ಗಂಡನಿಗೆ ನನ್ನೊಡನೆ ಮಾತಾಡಲು ಪುರುಸೊತ್ತಿಲ್ಲವಂತೆ ಎಂದೆ.