ಎರಡನೇ ಕೊಡ

ಹೆಡ್‌ಮಾಸ್ತರ ವಿರೂಪಣ್ಣನವರು ವೇದಿಕೆಯ ಮೇಲೆ ನಿಂತು "ಮನುಷ್ಯರೆಲ್ಲ ಒಂದೇ" ಎಂದಾಗ ಯಮನಮ್ಮನಿಗೆ ಮೈಯೆಲ್ಲ ಉರಿಯಿತು. ಒಂದೇ ಅಂತೆ! ಅದೇ ವಾರ ಇದೇ ಮಹಾಶಯರು ಕೇರಿಯ ಹುಡುಗಿ ಗೋಪಮ್ಮನ ಕೆನ್ನೆಗೆ ಬಾರಿಸಿದ್ದರು. ಶಾಲೆಯ ಕೊಡದಿಂದ ತಾನೇ ನೀರು ತುಂಬಿಕೊಂಡದ್ದು ಅವಳ ತಪ್ಪು. ಕೇರಿಯ ಮಕ್ಕಳು ಬೊಗಸೆಯೊಡ್ಡಿ ನಿಲ್ಲಬೇಕು, ಬೇರೆಯವರು ಮೇಲಿಂದ ಹೊಯ್ಯಬೇಕು. ಅದು ಅಲ್ಲಿಯ ರೂಢಿ.

ಹಕ್ಕು ಎಂಬ ಮಾತನ್ನು ಆ ಹುಡುಗಿಗೆ ಕಲಿಸಿದವಳು ಯಮನಮ್ಮನೇ. ಮಾನ್ವಿಯ ಕೇರಿಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ತರಬೇತಿ ಮುಗಿಸಿ, ಮಸರಕಲ್ಲಿನಾಚೆಯ ಈ ಊರಿಗೆ ಟೀಚರಾಗಿ ಬಂದವಳು. ಪೆಟ್ಟು ತಿಂದವಳ ಮನೆಗೆ ಹೋದಾಗ ತಾಯಿ ತಿಮ್ಮವ್ವ ಮುಖ ತಿರುಗಿಸಿದಳು.

"ನೀರಿಗೂ ಕೈಯೊಡ್ಡೋ ಸಾಲಿ ಬ್ಯಾಡ್ರಿ. ನನ್ನ ಕೂಡ ಹತ್ತಿ ಬಿಡಸಾಕ ಬರ್ತಾಳ."

ಮೊಹರಮ್ ಹಬ್ಬ ಮುಗಿಯುವತನಕ ಕಳಿಸಿ ನೋಡು ಎಂದು ಯಮನಮ್ಮ ಬೇಡಿಕೊಂಡು ಬಂದಿದ್ದಳು.

ಎಪ್ಪತ್ತೆಂಟರ ಆ ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ದಿನವೂ ಮೊಹರಮ್ಮೂ ಕೂಡಿ ಬಂದಿದ್ದವು. ಮೇಲಿನವರ ಹುಕುಂ ಪ್ರಕಾರ ಶಾಲೆಯಲ್ಲಿ ಈ ಸರ್ವಧರ್ಮ ಸಂವಾದ. ಮಠದ ಅಯ್ಯನವರು, ಮಸೀದಿಯ ಮೌಲ್ವಿಗಳು ಚಂದವಾಗಿ ಮಾತಾಡಿದರು. ವಿರೂಪಣ್ಣನವರ ಕೊರಳಲ್ಲಿ ಕೆಂಪು ದಾರವಿತ್ತು. ಮೊಮ್ಮಗನ ಜ್ವರ ಇಳಿಯಲೆಂದು ಹರಕೆ ಹೊತ್ತು, ಆ ದಾರ ಕಟ್ಟಿಸಿಕೊಂಡು, ಮೊಹರಮ್ಮಿನ ಪೀರಲ ದೇವರ ಫಕೀರರಾಗಿದ್ದರು. ಫಕೀರನಾದವನು ಹಬ್ಬ ಮುಗಿಯುವತನಕ ಪೀರನ ಶರಬತ್ತನ್ನು ಒಲ್ಲೆ ಎನ್ನುವಂತಿಲ್ಲ, ಬಟ್ಟಲು ತೊಳೆದು ಕೊಡಿ ಎನ್ನುವಂತಿಲ್ಲ, ಯಾರನ್ನೂ ಮೈಲಿಗೆಯೆಂದು ದೂರ ಇಡುವಂತಿಲ್ಲ.

ಶರಬತ್ತು ಹಂಚುವ ಅಮೀರ್ ಬೀಯನ್ನೂ ಯಮನಮ್ಮ ಕರೆಸಿದ್ದಳು. ಭಾಷಣ ನನಗೆ ಬರುವುದಿಲ್ಲ, ಬರುವುದನ್ನೇ ತರುತ್ತೇನೆ ಎಂದಿದ್ದ ಮುದುಕಿ ಬೆಲ್ಲ, ಸೋಂಪಿನ ಶರಬತ್ತಿನ ಗಡಿಗೆ, ಒಂದೇ ಒಂದು ಬಟ್ಟಲು ಹಿಡಿದು ಬಂದಳು. ಮೊದಲು ಗೋಪಮ್ಮನಿಗೆ ಕುಡಿಸಿದಳು. ಅದೇ ಬಟ್ಟಲನ್ನು ಮತ್ತೆ ತುಂಬಿ ವಿರೂಪಣ್ಣನವರ ಮುಂದೆ ಹಿಡಿದಳು. ಅವರ ಕೈ ಕೊರಳ ದಾರಕ್ಕೆ ಹೋಯಿತು. ಊರೇ ನೋಡುತ್ತಿತ್ತು. ಕಣ್ಣು ಮುಚ್ಚಿ ಕುಡಿದರು. ಚಪ್ಪಾಳೆಯೋ ಚಪ್ಪಾಳೆ!

ಸಭೆ ಮುಗಿದದ್ದೇ ಗೋಪಮ್ಮ ಸೀದಾ ಕೊಡದ ಹತ್ತಿರ ಹೋದಳು.

"ಲೇ, ದೂರ ಸರಿ," ಎಂದರು ವಿರೂಪಣ್ಣ. "ಅದು ಪೀರನ ಶರಬತ್ತು. ಇದು ಸಾಲಿ ನೀರು."

ಥೂ, ಇನ್ನೂ ಬಾಯಲ್ಲಿ ಬೆಲ್ಲದ ರುಚಿ ಆರಿರಲಿಲ್ಲ ಆ ಮನುಷ್ಯನಿಗೆ! ಯಮನಮ್ಮ ಅಡ್ಡ ಬಂದು ನಿಂತಳು.

"ಕೊರಳಾಗ ದಾರ ಇರೋತನಕ ಸಾಲ್ಯಾಗೂ ನೀವು ಫಕೀರರ ಅದೀರಿ ಸರ. ಬ್ಯಾಡ ಅನ್ನೋದಿದ್ರ ಮೊದಲ ಅದನ್ನ ಹರೀರಿ."

ಹರಕೆ ಮುರಿಯುವ ಎದೆಗಾರಿಕೆ ಅವರಿಗೆಲ್ಲಿ? ಗೋಪಮ್ಮ ಕೊಡದಲ್ಲಿ ಲೋಟ ಅದ್ದಿ ಹೊಟ್ಟೆ ತುಂಬ ಕುಡಿದಳು.

ಹಬ್ಬ ಮುಗಿದು ಪೀರಲ ದೇವರು ಹೊಳೆಗೆ ಹೋದವು, ವಿರೂಪಣ್ಣನವರ ಕೊರಳ ದಾರವೂ ಹೋಯಿತು. ಮರುದಿನ ನೋಡಿದರೆ ಶಾಲೆಯ ಪಡಸಾಲೆಯಲ್ಲಿ ಎರಡು ಕೊಡ! ಮೂಲೆಯ ಹೊಸದು ಕೇರಿಯ ಮಕ್ಕಳಿಗೆ ಎಂದ ಜವಾನ. ಮಗಳನ್ನು ಬಿಡಲು ಬಂದಿದ್ದ ತಿಮ್ಮವ್ವ ಅವಳ ರಟ್ಟೆ ಹಿಡಿದು ತಿರುಗಿ ಹೊರಟಳು.

ನಿಲ್ಲವ್ವಾ ಎಂದ ಯಮನಮ್ಮ, ಆ ಹೊಸ ಕೊಡವನ್ನು ಎತ್ತಿಕೊಂಡು, ನೀರು ತುಳುಕಿಸುತ್ತ ಹೋಗಿ ವಿರೂಪಣ್ಣನವರ ಮೇಜಿನ ಮೇಲೆ ಕುಕ್ಕಿದಳು.

"ಇದು ನಿಮಗ ಸರ. ಹುಡುಗರು ಎಲ್ಲಾರೂ ಕೂಡಿ ಕುಡೀತಾರ. ಒಲ್ಲದವರು ನೀವೊಬ್ಬರ. ನೀವ ಬ್ಯಾರೆ ಕುಡೀರಿ."

ನಿನ್ನನ್ನು ವರ್ಗ ಮಾಡಿಸುತ್ತೇನೆ ಎಂದು ಅವರು ಕೂಗಾಡಿದರು. ಕೂಗಾಡಲಿ. ತಿಮ್ಮವ್ವ ಮಗಳ ರಟ್ಟೆ ಬಿಟ್ಟು, ಹತ್ತಿ ಹೊಲಕ್ಕೆ ಒಬ್ಬಳೇ ಹೋದಳು.